ಎಣ್ಣೆ ನೋಡುವ ಕಡ್ಡಿಗೆ ಸೀಲು ಒತ್ತಿಸಿದವರಿಗೆ

ಆಂಬುಲೆನ್ಸ್ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಕೈ ಬರಲಿಲ್ಲ. ನಿಮ್ಮ ಆಂಬುಲೆನ್ಸುಗಳ ಎಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ಅವುಗಳನ್ನು ಓಡಿಸುವವರಿಗೇ ಗೊತ್ತಿಲ್ಲ. ಗೊತ್ತಾಗಬಾರದೆಂದು ನೀವೇ ಅಳತೆ ಕಡ್ಡಿಗೆ ತಂತಿ ಸುತ್ತಿ ಸೀಸದ ಸೀಲು ಒತ್ತಿಸಿದ್ದೀರಿ. ಆ ಗಾಡಿಗಳಲ್ಲಿ ಒಂದನ್ನು ನನ್ನ ಮಗಳು ಓಡಿಸುತ್ತಾಳೆ. ಇವತ್ತೂ ಹೋಗಿದ್ದಾಳೆ. ಸೀಲು ಕಿತ್ತರೆ ಅವಳ ಕೆಲಸ ಹೋಗುತ್ತದೆ. ಕೀಳದಿದ್ದರೆ ಹಿಂದೆ ಮಲಗಿದವರ ಜೀವ ಹೋಗುತ್ತದೆ. ಈ ಎರಡರ ನಡುವೆ ಅವಳನ್ನು ಕೂರಿಸಿ ನಿಮಗೆ ಅನ್ನ ಹೇಗೆ ಗಂಟಲಲ್ಲಿ ಇಳಿಯುತ್ತದೆ ಎಂದು ಕೇಳುವುದಕ್ಕೆ ಈ ಪತ್ರ.

ಹೊಸ ಎಣ್ಣೆಯ ಮೇಲೆ ನನಗೆ ಹಗೆಯಿಲ್ಲ. ಸಿಂಥೆಟಿಕ್ ಎಣ್ಣೆ ತರಿಸಿದ್ದು ಒಳ್ಳೆಯ ಕೆಲಸವೇ. ನನ್ನ ತಮ್ಮ ತನ್ನ ಹಾಲಿನ ವ್ಯಾನಿಗೆ ಅದನ್ನೇ ಹಾಕುತ್ತಾನೆ. ನಾಲ್ಕು ಲಕ್ಷ ಕಿಲೋಮೀಟರ್ ದಾಟಿದ ವ್ಯಾನು, ಚಳಿಯ ಬೆಳಗಿನಲ್ಲೂ ಒಂದೇ ಸಲಕ್ಕೆ ಎದ್ದು ಹೊರಡುತ್ತದೆ. ಎಂಜಿನ್ ಎಷ್ಟು ಬಿಸಿಯಾದರೂ ಆ ಎಣ್ಣೆ ಬೇಗ ಕೆಡುವುದಿಲ್ಲ, ಒಪ್ಪಿದೆ. ಆದರೆ ಕೆಡದಿರುವುದು ಬೇರೆ, ಖಾಲಿಯಾಗದಿರುವುದು ಬೇರೆ. ಹಳೆಯ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗು ಸವೆದಿರುತ್ತದೆ, ಎಣ್ಣೆ ಸೋರದಂತೆ ಕೂರಿಸಿದ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ. ಎಷ್ಟೋ ವರ್ಷದ ಕೊಳೆಯೇ ಆ ಬಿರುಕಿಗೆ ಮೆತ್ತಿಕೊಂಡು ಸೋರದಂತೆ ತಡೆದಿರುತ್ತದೆ. ಹೊಸ ಎಣ್ಣೆ ಒಳಗೆ ಹೋದದ್ದೇ ಆ ಕೊಳೆಯನ್ನು ತೊಳೆಯುತ್ತದೆ. ಆಮೇಲೆ ಒಂದಿಷ್ಟು ಸೋರುತ್ತದೆ, ಒಂದಿಷ್ಟು ಸುಟ್ಟು ಹೊಗೆಯಾಗುತ್ತದೆ. ತಮ್ಮ ವಾರಕ್ಕೊಮ್ಮೆ ಕಡ್ಡಿ ಎಳೆದು ನೋಡಿ ಇಳಿದಷ್ಟನ್ನು ಸುರಿಯುತ್ತಾನೆ. ಗುಟ್ಟು ಅಷ್ಟೇ.

ತಪ್ಪು ಚಾಲಕರದೂ ಇದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಕಡ್ಡಿಯನ್ನು ಬಿಳಿ ಬಟ್ಟೆಗೆ ಒರೆಸಿ ಬಣ್ಣ ನೋಡುವುದು ಅವರ ರೂಢಿಯಾಗಿತ್ತು. ಹೊಸ ಎಣ್ಣೆ ಹಾಕಿದ ಕೆಲವೇ ದಿನಕ್ಕೆ ಬಟ್ಟೆ ಕಪ್ಪಾಯಿತು. ಕಲಬೆರಕೆ ಎಂದು ಎಲ್ಲರೂ ಹುಯಿಲೆಬ್ಬಿಸಿದರು, ನನ್ನ ಮಗಳೂ ಸೇರಿ. ಮಸಿಬಟ್ಟೆಗಳನ್ನು ತಂದು ನಿಮ್ಮ ಮೇಜಿನ ಮೇಲೆ ಹರವಿದರಂತೆ. ನೀವು ಎಣ್ಣೆಯನ್ನು ಪರೀಕ್ಷೆಗೆ ಕಳಿಸಿದಿರಿ, ಅಪ್ಪಟ ಎಣ್ಣೆಯೆಂದು ತಿಳಿಯಿತು. ಕೊಳೆ ತೊಳೆದ ನೀರು ಹಾಲಿನಂತಿರುತ್ತದೆಯೇ ಎಂದು ನಕ್ಕಿರಿ. ನಗಬೇಕಾದದ್ದೇ. ಆದರೆ ಅದೇ ಚಾಲಕರು ಆಮೇಲೆ ಎಣ್ಣೆ ಇಳಿಯುತ್ತಿದೆ ಎಂದು ಬಂದಾಗಲೂ ಅದೇ ನಗು ನಕ್ಕಿರಲ್ಲ! ಒಮ್ಮೆ ತಪ್ಪು ಹೇಳಿದವರು ಎರಡನೇ ಸಲ ನಿಜ ಹೇಳಬಾರದೆಂದು ನಿಮ್ಮ ಯಾವ ನಿಯಮದಲ್ಲಿದೆ? ಕಡ್ಡಿ ಇದ್ದರೆ ತಾನೆ ತಕರಾರು ಎಂದು ಕಡ್ಡಿಗೇ ಸೀಲು. ವರ್ಷಕ್ಕೊಮ್ಮೆ ನಿಮ್ಮ ವರ್ಕ್‌ಶಾಪಿನಲ್ಲಿ ಮಾತ್ರ ತೆಗೆಯಬೇಕಂತೆ. ಜ್ವರ ತೋರಿಸಿತೆಂದು ಥರ್ಮಾಮೀಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ವೈದ್ಯರನ್ನು ನಾನಿನ್ನೂ ಕಂಡಿಲ್ಲ.

ಕಳೆದ ತಿಂಗಳು ಸೇತುವೆಯ ಏರಿನಲ್ಲಿ ಮಗಳ ಗಾಡಿ ಟಕಟಕ ಸದ್ದು ಮಾಡಿ ನಿಂತುಬಿಟ್ಟಿತು. ಎಣ್ಣೆ ಬತ್ತಿ ಎಂಜಿನ್ ಒಳಗೇ ಕಚ್ಚಿಕೊಂಡಿತ್ತು. ಎಣ್ಣೆ ತೀರಿದರೆ ಉರಿಯಬೇಕಾದ ಕೆಂಪು ದೀಪ ಆ ಗಾಡಿಯಲ್ಲಿ ಸತ್ತು ಯಾವ ಕಾಲವಾಯಿತೋ. ಒಳಗೆ ಉಸಿರಿಗೆ ಒದ್ದಾಡುತ್ತಿದ್ದ ಮುದುಕರು, ಪಕ್ಕದಲ್ಲಿ ಅವರ ಹೆಂಡತಿ. "ಯಾಕಮ್ಮಾ ನಿಲ್ಲಿಸ್ದೆ? ಆಸ್ಪತ್ರೆ ಇನ್ನೂ ಬಂದಿಲ್ವಲ್ಲ" ಅಂದರಂತೆ ಆ ಅಜ್ಜಿ. ಹಿಂದಿದ್ದ ತರಕಾರಿ ಲಾರಿಯವನು ಮೂಟೆಗಳನ್ನು ರಸ್ತೆಗೇ ಇಳಿಸಿ ಸ್ಟ್ರೆಚರಿಗೆ ಜಾಗ ಮಾಡಿಕೊಟ್ಟ. ಮುದುಕರು ಉಳಿದರು. ಅದು ಲಾರಿಯವನ ಒಳ್ಳೆಯತನ, ನಿಮ್ಮ ವ್ಯವಸ್ಥೆಯಲ್ಲ.

ನಿಮ್ಮ ಕಚೇರಿಗೂ ಬಂದೆ. ಕುರ್ಚಿ ಕೊಟ್ಟಿರಿ, ನೀರು ತರಿಸಿದಿರಿ; ನಡತೆಗೆ ಕೊರತೆಯಿಲ್ಲ.

"ಅಮ್ಮಾ, ಇದು ಸಿಂಥೆಟಿಕ್. ವರ್ಷ ಪೂರ್ತಿ ಚಿಂತೆ ಇಲ್ಲ" ಅಂದಿರಿ.

"ಹೊಸ ಗಾಡೀಲಿ ಇಲ್ಲಪ್ಪಾ. ನಿಮ್ಮ ಗಾಡಿಗಳದ್ದು ನನ್ನ ವಯಸ್ಸು" ಅಂದೆ. "ಒಂದೇ ಒಂದು ಕಡ್ಡಿ ಎಳೆದು ತೋರಿಸಿ. ಎಣ್ಣೆ ಸರಿಯಾಗಿದ್ರೆ ನಾನೇ ಕ್ಷಮೆ ಕೇಳ್ತೀನಿ."

ನೀವು ಕಿಟಕಿಯಿಂದಾಚೆ ಸಾಲಾಗಿ ನಿಂತ ಗಾಡಿಗಳನ್ನು ನೋಡಿದಿರಿ. ಆಮೇಲೆ ಮೆಲ್ಲಗೆ, "ಒಂದನ್ನ ತೆಗೆದ್ರೆ ಎಲ್ಲಾನೂ ತೆಗೀಬೇಕಾಗುತ್ತಲ್ಲಮ್ಮಾ" ಅಂದಿರಿ.

ಇಷ್ಟು ಹೊತ್ತು ನಿಮಗೆ ತಿಳಿಯದು ಎಂದುಕೊಂಡು ವಿವರಿಸುತ್ತಿದ್ದೆ. ಎಲ್ಲ ಗಾಡಿಗಳಲ್ಲೂ ಎಣ್ಣೆ ಇಳಿದಿದೆಯೆಂದು ನಿಮಗೆ ತಿಳಿದಿದೆ. ತಿಳಿದಿದ್ದೂ ನನ್ನ ಮಗಳಿಗೆ ಸೀಲು ಹಾಕಿದ ಇನ್ನೊಂದು ಗಾಡಿ ಕೊಟ್ಟು ರಸ್ತೆಗೆ ಬಿಟ್ಟಿದ್ದೀರಿ.

ಅವಳೀಗ ಕ್ಯಾಬಿನ್ನಿನಲ್ಲಿ ಯಾರನ್ನೂ ಮಾತಾಡಗೊಡುವುದಿಲ್ಲವಂತೆ. ಎಂಜಿನ್ನಿನ ಸದ್ದಿಗೇ ಕಿವಿಕೊಟ್ಟು ಓಡಿಸುತ್ತಾಳೆ. ಇವತ್ತು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಅಮ್ಮಾ, ಇವತ್ತೊಂದಿನ ಯಾರಿಗೂ ಏನೂ ಆಗದೆ ಇರ್ಲಿ" ಅಂದಳು. ಜನರನ್ನು ಉಳಿಸಲು ಹೊರಟವಳು ಕರೆಯೇ ಬರದಿರಲಿ ಎಂದು ಬೇಡಿಕೊಳ್ಳುವ ಹಾಗೆ ಮಾಡಿದ್ದೀರಿ.

ನಾನು ಯಾರ ಮುಂದೆಯೂ ಕೈಚಾಚಿದವಳಲ್ಲ, ಇವತ್ತು ಚಾಚಿದ್ದೇನೆ. ಸೀಲುಗಳನ್ನು ಕತ್ತರಿಸಿ. ಇಳಿದಷ್ಟು ಎಣ್ಣೆ ತುಂಬಿಸಿ. ಆ ಕಡ್ಡಿಯನ್ನು ಓಡಿಸುವವರ ಕೈಗೆ ಬಿಡಿ. ಸೋಮವಾರದೊಳಗೆ ಇದಾಗದಿದ್ದರೆ ಇಕ್ಕಳ ಹಿಡಿದು ನಾನೇ ಬರುತ್ತೇನೆ. ನಿಮ್ಮ ನೌಕರಿಯಲ್ಲಿಲ್ಲದವಳನ್ನು ವಜಾ ಮಾಡಲು ನಿಮ್ಮಿಂದಾಗದು. ಪೊಲೀಸರನ್ನು ಕರೆಸಿ, ಧಾರಾಳವಾಗಿ ಕರೆಸಿ. ಅವರೆದುರಿಗೇ ಕಡ್ಡಿ ಎಳೆಯುತ್ತೇನೆ. ತುದಿಯಲ್ಲಿ ಏನಾದರೂ ಅಂಟಿದೆಯೇ ಎಂದು ಎಲ್ಲರೂ ಒಟ್ಟಿಗೆ ನೋಡೋಣ.

ಇಂತಿ,
ಸೋಮವಾರ ಅಪರಾಧಿಯಾಗಲು ಅಣಿಯಾಗಿರುವ,
ನಿಮ್ಮ ಚಾಲಕಿಯೊಬ್ಬಳ ತಾಯಿ