ನೆಲದಡಿಯ ಸ್ಟೇಶನ್ನಿನಲ್ಲಿ ಹೇಳಿದ ಹೆಸರು

ಆಲಮೇಲ
ಸೋಮವಾರ, ೧೦ ನವೆಂಬರ್ ೨೦೨೫

ನಮ್ಮ ಮನೆಯವರಿಗೆ ಶರಣು.

ಆರಾಮ ಇದ್ದೀರೆಂದು ನಂಬಿದ್ದೇನೆ. ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚುವುದನ್ನು ಬಿಟ್ಟಿರುತ್ತೀರಿ, ನನಗೆ ಗೊತ್ತು. ಮಗಳು ಸಾಕ್ಷಿ ಕೆಲಸಕ್ಕೆ ಹೋಗುವ ಮುಂಚೆ ಅಪ್ಪನಿಗೆಂದು ಎರಡು ರೊಟ್ಟಿ ಬಡಿದಿಟ್ಟು ಹೋಗುತ್ತಾಳೋ, ಇಲ್ಲ ಅಳಿಯಂದಿರ ಜೊತೆ ನಿಮಗೂ ಬರೀ ಅನ್ನವೋ? ಇಲ್ಲಿ ನಾನು ಚೆನ್ನಾಗಿದ್ದೇನೆ. ಜೋಳ ಚೆನ್ನಾಗಿ ಎದ್ದಿದೆ. ಕಬ್ಬು ಕಡಿಯುವ ಗ್ಯಾಂಗಿನವರು ಮಾತ್ರ ದಿನಾ ಬಾಗಿಲಿಗೆ ಬಂದು ‘ಯಜಮಾನ್ರು ಯಾವಾಗ ಬರ್ತಾರ್ರಿ’ ಎಂದು ನನ್ನ ತಲೆ ತಿನ್ನುತ್ತಾರೆ. ಏನು ಹೇಳಲಿ? ನೆಲದ ಕೆಳಗೆ ಹೋಗಿ ಕೂತಿದ್ದಾರೆ, ಮೇಲೆ ಬಂದ ಮೇಲೆ ಹೇಳುತ್ತೇನೆ ಎನ್ನಲೇ?

ದೀಪಾವಳಿ ಮುಗಿದದ್ದೇ ನಾನು ಬೆಂಗಳೂರಿನಿಂದ ಒಬ್ಬಳೇ ಬಸ್ಸು ಹತ್ತಿ ಬಂದೆನಲ್ಲ, ಯಾಕೆಂದು ನೀವು ಇವತ್ತಿಗೂ ಕೇಳಿಲ್ಲ. ‘ಆಕಿಗೆ ಊರ ಚಿಂತಿ’ ಎಂದು ಮಗಳಿಗೆ ಹೇಳಿದಿರಂತೆ. ಚಿಂತೆ ಅಲ್ಲ ರೀ, ಸಿಟ್ಟು. ನಿಮ್ಮ ಆ ಮೆಟ್ರೊ ಸ್ಟೇಶನ್ನಿನ ಮೇಲೆ ಸಿಟ್ಟು, ನಿಮ್ಮ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಫೋನಿನಲ್ಲಿ ಹೇಳೋಣವೆಂದರೆ ಎಲ್ಲದಕ್ಕೂ ‘ಹೂಂ ಹೂಂ’ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ, ಕೂತು ಓದಿ.

ಮಗಳ ಮನೆಯಲ್ಲಿ ಇಳಿದ ಮರುದಿನದಿಂದಲೇ ನಿಮ್ಮ ಬಾಯಲ್ಲಿ ಬೇರೆ ಮಾತಿರಲಿಲ್ಲ. ಆ ಸ್ಟೇಶನ್ ಇರುವ ಜಾಗದಲ್ಲಿ ಮೊದಲು ತರಕಾರಿ ಸಂತೆ ಕೂಡುತ್ತಿತ್ತಂತೆ. ಸಂತೆ ಎಬ್ಬಿಸಿ ಅಗೆದಾಗ ಕಲ್ಲು ಕಟ್ಟಿದ ಹಳೇ ಬಾವಿ ಸಿಕ್ಕಿತಂತೆ. ಸುರಂಗ ಕೊರೆಯುವ ಯಂತ್ರ ಬಂಡೆಗೆ ಸಿಕ್ಕಿಕೊಂಡು ಎಷ್ಟೋ ತಿಂಗಳು ಮಿಸುಕಾಡಲಿಲ್ಲವಂತೆ. ಇದನ್ನೆಲ್ಲ ಅವರು ಫೋಟೊ ಸಮೇತ ಗೋಡೆಗೆ ಬರೆದು ಹಾಕಿದ್ದಾರೆ, ನೀವು ಬಾಯಿಪಾಠ ಮಾಡಿದ್ದೀರಿ. ನಮ್ಮ ಮದುವೆ ಯಾವ ತಿಂಗಳಲ್ಲಿ ಆಯಿತೆಂದು ಕೇಳಿದರೆ ಮಾತ್ರ ನನ್ನ ಮುಖ ನೋಡುತ್ತೀರಿ. ಲಿಫ್ಟು, ತಾನೇ ಏರುವ ಮೆಟ್ಟಿಲು, ಕುಡಿಯುವ ನೀರು, ಕೂಸಿಗೆ ಹಾಲೂಡಿಸಲು ಬೇರೆ ಕೋಣೆ, ಕಣ್ಣು ಕಾಣದವರ ಕೋಲಿಗೆ ತಾಗಲೆಂದು ನೆಲದಲ್ಲಿ ಉಬ್ಬಿದ ಹಳದಿ ಹಾಸು, ಒಂದನ್ನೂ ಬಿಡದೆ ತೋರಿಸಿದಿರಿ, ನೀವೇ ಕಟ್ಟಿಸಿದವರ ಹಾಗೆ. ಹೋಗಲಿ ಎಂದರೆ, ತಂಪು ಗಾಳಿ ಐತಿ ಎಂದು ಅಲ್ಲಿಯೇ ಬೆಂಚಿನ ಮೇಲೆ ಬುತ್ತಿ ಬಿಚ್ಚಿದಿರಿ. ಕಾವಲಿನವನು ‘ಇಲ್ಲಿ ತಿನ್ನಂಗಿಲ್ಲ’ ಎಂದು ಹಿಂದಿನಿಂದ ಗದರಿದ. ನಾನು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನು ಸೀರೆ ಮೇಲೆಲ್ಲ ಚೆಲ್ಲಿಕೊಂಡೆ. ನೀವು ಹಾಯಾಗಿ ರೊಟ್ಟಿ ಮುರಿಯುತ್ತಲೇ ಇದ್ದಿರಿ.

ಅದೂ ಹೋಗಲಿ. ಆಮೇಲೆ ‘ಇಲ್ಲೇ ನಿಂದ್ರು, ಬಂದೆ’ ಎಂದು ಲಿಫ್ಟಿನ ಮುಂದೆ ನನ್ನನ್ನು ನಿಲ್ಲಿಸಿ ಹೋದವರು ಬರಲೇ ಇಲ್ಲ. ನಿಮ್ಮ ಫೋನು ಚೀಲದಲ್ಲಿ, ಚೀಲ ನನ್ನ ಹೆಗಲ ಮೇಲೆ. ಯಾವ ಕಡೆ ನೋಡಿದರೂ ಒಂದೇ ತರಹದ ಗೋಡೆ, ಒಂದೇ ತರಹದ ದ್ವಾರ. ಸಕ್ಕರೆ ಕಾಯಿಲೆಯ ಮನುಷ್ಯ, ಎಲ್ಲಿ ತಲೆ ತಿರುಗಿ ಬಿದ್ದರೋ ಎಂದು ನನ್ನ ಜೀವ ಬಾಯಿಗೆ ಬಂತು. ವಿಚಾರಣೆ ಕಿಟಕಿಯ ಹುಡುಗಿ ‘ಹೆಸರು ಹೇಳಿ ಅಮ್ಮ, ಮೈಕಿನಲ್ಲಿ ಕೂಗ್ತೀನಿ’ ಎಂದಳು. ‘ನಮ್ಮ ಮನಿಯವ್ರು ರೀ’ ಎಂದೆ. ‘ಅದೇ, ಹೆಸರು?’ ಎಂದಳು. ‘ಸಾಕ್ಷಿ ಅಪ್ಪಾರು’ ಎಂದೆ. ಪಾಪ, ಹಾಗೆಯೇ ಕೂಗಿದಳು, ಯಾರೂ ಬರಲಿಲ್ಲ. ನಾವು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ, ಹೇಳಲೇಬೇಕಾದರೆ ಒಡಪು ಕಟ್ಟಿ ಅದರೊಳಗೆ ಸೇರಿಸಿ ಹೇಳುತ್ತೇವೆ ಎಂದು ಆ ಕೂಸಿಗೆ ಹೇಗೆ ತಿಳಿಸಲಿ? ಕೊನೆಗೆ ಬೇಸತ್ತು ಮೈಕನ್ನೇ ನನ್ನ ಮುಂದೆ ಹಿಡಿದಳು. ಸೆರಗು ತಲೆ ಮೇಲೆ ಎಳೆದುಕೊಂಡು ಹೇಳಿದೆ:

ನೆಲದಾಗ ಸ್ಟೇಶನ್, ನೆತ್ತಿ ಮ್ಯಾಲ ಊರು,
ನಮ್ಮ ರಾಚಪ್ಪನವರು ಕಳದಾರ್ರಿ, ಕಂಡವರು ಯಾರು?

ಇಡೀ ಸ್ಟೇಶನ್ನಿಗೆ ಕೇಳಿತು. ಜನ ನಿಂತು ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದರೆ ನೀವು ಅಲ್ಲೇ ಇದ್ದಿರಿ, ಆ ಕೂಗುವ ಪೆಟ್ಟಿಗೆಯ ಕೆಳಗೇ, ಕೈ ಹಿಂದೆ ಕಟ್ಟಿಕೊಂಡು ಬಾವಿಯ ಫೋಟೊ ನೋಡುತ್ತ. ಒಂದು ಸಲವೂ ಕತ್ತು ಹೊರಳಿಸಲಿಲ್ಲ. ಬಂದು ತೋಳು ಹಿಡಿದರೆ ‘ಬಂದಿಯೇನು? ಇಲ್ಲಿ ನೋಡು, ಬಾವಿಗೆ ಮೆಟ್ಲ ಇದ್ವಂತ’ ಎಂದಿರಿ. ಹೆಂಡತಿ ನಾಲ್ಕು ಮಂದಿಯ ಮುಂದೆ ಹೆಸರು ಹಿಡಿದದ್ದಕ್ಕೆ ನಾಚಿಕೆಯಾಗಿ ನನ್ನ ಗುರುತೇ ಇಲ್ಲದವರ ಹಾಗೆ ನಿಂತಿರಲ್ಲ! ನನ್ನ ಮೈಯೆಲ್ಲ ಉರಿದುಹೋಯಿತು. ಮರುದಿನವೇ ಬಸ್ಸು ಹತ್ತಿದೆ.

ಈಗ ನನ್ನ ಮಾತು ಇಷ್ಟೇ. ಬರುವ ಸೋಮವಾರದೊಳಗೆ ನೀವು ಆಲಮೇಲದಲ್ಲಿರಬೇಕು. ಬರದಿದ್ದರೆ ಕಬ್ಬನ್ನು ಯಾರಿಗೆ ಬೇಕೋ ಅವರಿಗೆ ಕಡಿಯಲು ಹೇಳಿ ನಾನು ಗೊಳಸಂಗಿಗೆ ತಮ್ಮನ ಮನೆಗೆ ಹೋಗುತ್ತೇನೆ. ನೀವು ಅಲ್ಲೇ ಲಿಫ್ಟಿನಲ್ಲಿ ಸಂಸಾರ ಹೂಡಿ. ಸಾಕ್ಷಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸಿ. ಗುಳಿಗೆ ತಪ್ಪಿಸಬೇಡಿ.

ಇಂತಿ,
ಕಸ್ತೂರೆವ್ವ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪಕ್ಕದ ಮನೆಯ ಸುಲ್ತಾನಬಿ ಬಂದಿದ್ದಳು. ‘ಅಣ್ಣಾರಿಗೆ ನಮ್ಮ ಮ್ಯಾಲ ಏನ್ ಸಿಟ್ಟೈತ್ರಿ ಅಕ್ಕಾ? ಮಳಿಗಾಲದಿಂದ ನೋಡಾಕತ್ತೇನಿ, ಹಿಂದಿನಿಂದ ಎಷ್ಟ್ ಕೂಗಿದ್ರೂ ತಿರುಗಂಗಿಲ್ಲ’ ಎಂದು ಕಣ್ಣಲ್ಲಿ ನೀರು ತಂದಳು. ಮಡಿಸಿಟ್ಟ ಕಾಗದ ಬಿಚ್ಚಿ ಒಲೆ ಮುಂದೆಯೇ ಮತ್ತೆ ಓದಿದೆ. ಆ ಕಾವಲಿನವನು ಗದರಿದ್ದೂ ನಿಮಗೆ ಕೇಳಿರಲಿಲ್ಲ, ಅಲ್ಲವೇನ್ರಿ? ಅಲ್ಲಿ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದಿರುತ್ತಾರೆ, ಯಾರ ಬಾಯಿಂದಲೂ ಏನನ್ನೂ ಕೇಳಬೇಕಾಗಿಲ್ಲ. ಆ ಸ್ಟೇಶನ್ ನಿಮಗೆ ಅಷ್ಟು ಹಿಡಿಸಿದ್ದು ಅದಕ್ಕೇ. ನನಗಾದರೂ ಹೇಳಬಾರದಿತ್ತೇ? ಸೋಮವಾರ ಬರಬೇಡಿ. ಸಾಕ್ಷಿಗೆ ಈ ಕಾಗದ ತೋರಿಸಿ, ಅವಳ ಜೊತೆ ಹೋಗಿ ಕಿವಿ ತೋರಿಸಿಕೊಳ್ಳಿ, ಮಶೀನು ಕೊಟ್ಟರೆ ಸುಮ್ಮನೆ ಹಾಕಿಕೊಳ್ಳಿ. ಕಬ್ಬು ನಾನು ಕಡಿಸುತ್ತೇನೆ. ಜನ್ಮದಲ್ಲಿ ಒಂದೇ ಒಂದು ಸಲ ನಿಮ್ಮ ಹೆಸರು ಹಿಡಿದು ಕೂಗಿದೆ ರೀ, ಊರಿಗೆಲ್ಲ ಕೇಳಿತು, ನಿಮಗೊಬ್ಬರಿಗೆ ಕೇಳಲಿಲ್ಲ.