ಎರಡನೇ ರೆಕ್ಕೆ

ಅಕ್ಟೋಬರ್ 3, ಸ್ಕಿಡಗೇಟ್

ಮತ್ತೆ ಗುಂಡಿ. ಬೆರಳೆಲ್ಲ ತೂತು. ಜೋಲೀನ್ ಹೊದೆಯೋ ಕಂಬಳಿಗೆ ಓರ್ಕಾ ತಿಮಿಂಗಿಲ ಹೊಲೀತಿದ್ದೀನಿ — ನೀಲಿ ಮೇಲೆ ಕೆಂಪು ಬಟ್ಟೆ, ಅಂಚಿಗೆಲ್ಲ ಚಿಪ್ಪಿನ ಗುಂಡಿ. ಜೋಲೀನ್ ಅಂದ್ರೆ ನಾದಿನಿ ಮ್ಯೂರಿಯಲ್ ಮಗಳು. ಮುಂದಿನ ಶನಿವಾರ ಔತಣ; ತೀರಿಹೋದ ನಮ್ಮತ್ತೆಯ ಹೆಸರನ್ನ ಅಲ್ಲಿ ಇವಳಿಗೆ ಇಡ್ತಾರೆ. ನಮ್ಮ ಜನರಲ್ಲಿ ಎರಡು ಬಣ — ಅವರು ಕಾಗೆ ಕಡೆ, ನಾನು ಹದ್ದಿನ ಕಡೆ. ಹೊಲಿಯೋ ಕೆಲಸ ಎದುರು ಕಡೆಯವರದ್ದೇ. ತಿಮಿಂಗಿಲ ಅವರ ಕುಲದ ಗುರುತು, ಬೆನ್ನುನೋವು ನನ್ನದು! ಅತ್ತೆಯ ಹಳೇ ಮರದ ಪೆಟ್ಟಿಗೆ ಮೇಲಿದ್ದ ಚಿತ್ರಾನೇ ಇಳಿಸಿಕೊಂಡೆ. ಚೆನ್ನಾಗಿ ಬರ್ತಿದೆ — ನಾನೇ ಹೇಳ್ಕೋಬೇಕು, ಇನ್ಯಾರು ಹೇಳ್ತಾರೆ.

ಅಕ್ಟೋಬರ್ 8

ಮುಗೀತು. ಫೋಟೋ ಫೇಸ್‌ಬುಕ್‌ಗೆ ಹಾಕಿದೆ. ಮ್ಯೂರಿಯಲ್ ಓಡಿ ಬಂದಳು.

"ಅತ್ತಿಗೆ, ಎರಡು ಈಜುರೆಕ್ಕೆ ಯಾಕೆ? ನಮ್ಮ ತಿಮಿಂಗಿಲದ ಬೆನ್ನ ಮೇಲೆ ಒಂದೇ!"

"ನಿಮ್ಮಮ್ಮನ ಪೆಟ್ಟಿಗೇಲಿ ಎರಡಿದೆಯಲ್ಲೇ?"

"ಅದು ಬೇರೆ ಕುಲದ್ದು, ಅಡೀಲಿಯಾ ಅಜ್ಜಿ ಮನೆತನದವರು ಕೊಟ್ಟ ಉಡುಗೊರೆ! ಪೆಟ್ಟಿಗೆ ಕೊಟ್ಟರು, ಗುರುತು ಕೊಟ್ಟರಾ?"

ಅಯ್ಯೋ ದೇವರೇ. ಇನ್ನೊಬ್ಬರ ಗುರುತು ಹೊದ್ದರೆ ಕಳ್ಳತನವೇ. ಊರೆಲ್ಲ ನೋಡಿ ಆಯ್ತು. ಅಜ್ಜಿ ಮುನಿಸಿಕೊಂಡು ಔತಣಕ್ಕೆ ಬರದಿದ್ದರೆ, ಜೊತೆಗೆ ಅವರ ಮನೆಯವರೂ... ಔತಣಕ್ಕೆ ಬಂದವರೇ ಸಾಕ್ಷಿ, ಸಾಕ್ಷಿ ಇಲ್ಲದ ಹೆಸರು ನಿಲ್ಲಲ್ಲ. ಹುಡುಗಿ ಪಾಡೇನು?

ಅಕ್ಟೋಬರ್ 9

ಕಂಬಳಿ, ಹೊಗೆ ಹಾಕಿದ ಸಾಲ್ಮನ್ ಎರಡೂ ಹಿಡ್ಕೊಂಡು ಅಜ್ಜಿ ಮನೆಗೆ ಹೋದೆ. ಗಂಡ ಟ್ರಕ್ಕಲ್ಲೇ ಕೂತ, ಪುಣ್ಯಾತ್ಮ.

"ಕದ್ದೆಯೇನೇ?"

"ಇಲ್ಲಜ್ಜಿ, ತಿಳೀದೆ ಹೊಲಿದೆ. ತಪ್ಪಾಯ್ತು."

"ಹೋಗ್ಲಿ ಇಟ್ಕೋ ಅಂತೀನಿ ಅಂದ್ಕೊಂಡ್ಯಾ? ಅದು ನನ್ನೊಬ್ಬಳದ್ದಲ್ಲ."

ಕತ್ತರಿ ತಗೊಂಡು ತಾವೇ ಬಿಚ್ಚೋಕೆ ಕೂತರು. "ಎಷ್ಟು ಗಟ್ಟಿ ಹೊಲಿದಿದ್ದೀಯೇ ಮಾರಾಯ್ತಿ!" ನಂಗೆ ಅಳು. ಕೆಂಪು ರೆಕ್ಕೆ ಮಡಚಿ ತಮ್ಮ ಜೇಬಿಗೆ ಹಾಕ್ಕೊಂಡರು. "ನಮ್ಮದು ನಮ್ಮನೇಲಿರಲಿ." ಗುಂಡಿಗಳನ್ನ ನನ್ನ ಕೈಗೆ ಸುರಿದರು.

ಬಾಗಿಲ ತನಕ ಬಂದರು. ಆಮೇಲೆ — "ನಾಳೆ ಊಟಕ್ಕೇನು ಮಾಡ್ಸಿದ್ದೀರಿ?"

ಬರ್ತಾರೆ! ಅಬ್ಬಾ, ಹೋದ ಜೀವ ಬಂತು.

ಅಕ್ಟೋಬರ್ 11, ಬೆಳಿಗ್ಗೆ

ಸೊಂಟ ಬಿದ್ದುಹೋಗಿದೆ. ಆದರೂ ಬರೀಬೇಕು.

ನಿನ್ನೆ ಔತಣದಲ್ಲಿ ಜೋಲೀನ್ ಕಂಬಳಿ ಹೊದ್ದು ಕುಣಿದಳು. ಅಡೀಲಿಯಾ ಅಜ್ಜಿ ಎದ್ದರು. ಕೋಲೂರಿಕೊಂಡು ಹೋಗಿ ಕಂಬಳಿಯ ಚಿತ್ರ ಎಲ್ಲರಿಗೂ ಕಾಣೋ ಹಾಗೆ ಹುಡುಗೀನ ಸಭೆಗೆ ಬೆನ್ನು ಮಾಡಿಸಿ ನಿಲ್ಲಿಸಿದರು. "ಇದು ಇವರದ್ದೇ ತಿಮಿಂಗಿಲ. ನಾನು ಸಾಕ್ಷಿ." ಎಲ್ಲರಿಗಿಂತ ಮೊದಲು ಅವರೇ ಹೊಸ ಹೆಸರು ಹಿಡಿದು ಕರೆದರು. ಆಮೇಲೆ ಇಡೀ ಸಭೆ.

ಅತ್ತೆ ಹೋದ ಮೇಲೆ ಆ ಹೆಸರು ಯಾರ ಬಾಯಲ್ಲೂ ಕೇಳಿರಲಿಲ್ಲ. ಹುಡುಗಿ ತಿರುಗಿ "ಓ" ಅಂದಳು. ನಾನೂ ಆ ಹೆಸರು ಹಿಡಿದು ಇನ್ನೊಂದು ಸಲ ಕರೆದೆ.