ತಮ್ಮ ಬರುವವರೆಗೆ

ಮನೆಯಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೂ,

ನಿನ್ನ ಬೆನ್ನುನೋವು ಹೇಗಿದೆ? ದಿನವಿಡೀ ನಿಲ್ಲುವ ಪೊಲೀಸ್ ಕೆಲಸ, ಒಳ್ಳೆಯ ಬೂಟು ತಗೋ ಎಂದರೆ ನೀನು ಕೇಳುವವನಲ್ಲ. ನಾವು ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮಂಡಿ ಮೆಟ್ಟಿಲು ಕಂಡರೆ ನೋಯುತ್ತದೆ, ಅಂಗಡಿಗೆ ಹೊರಟರೆ ನೋಯುವುದಿಲ್ಲ. ನಿನ್ನ ಅಣ್ಣನೂ ಈಗ ಪರವಾಗಿಲ್ಲ. ಗುರುವಾರದ ವಿಷಯ ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಬರೆಯುತ್ತಿದ್ದೇನೆ.

ಕೆಲವು ದಿನಗಳಿಂದ ಅವನು ಮಾತ್ರೆ ನುಂಗದೆ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದನಂತೆ. ಗುರುವಾರ ನಿನ್ನ ಹಳೆಯ ಸೀಟಿ ಊದುತ್ತಾ ಹೋಗಿ, ಮಾರುಕಟ್ಟೆ ಹತ್ತಿರ ನಾಲ್ಕು ರಸ್ತೆ ಸೇರುವಲ್ಲಿ ನಿಂತು ಟ್ರಾಫಿಕ್ ಪೊಲೀಸರಂತೆ ವಾಹನಗಳನ್ನು ತಡೆದು ಬಿಡತೊಡಗಿದ. ಜೀವಮಾನವೆಲ್ಲ ಬಸ್ಸು ಓಡಿಸಿದ ನಾನು ಹೇಳುತ್ತೇನೆ ಕೇಳು, ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಅದು ಲಾರಿಯವರಿಗೆ ತಿಳಿಯಬೇಕಲ್ಲ. ಒಬ್ಬ ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ಬ್ರೇಕು ಹಾಕಿದ. ಹಿಂದೆಯೇ ಓಡಿಹೋದ ನಾನು ಎಳೆದರೂ ಅಣ್ಣ ಜಗ್ಗಲಿಲ್ಲ.

ನಿನ್ನ ಅಮ್ಮ ಠಾಣೆಗೆ ಫೋನು ಮಾಡಹೋಗಿ ಸುಮ್ಮನಾದಳು. ಹೋದ ವರ್ಷ ಹೀಗೇ ಕರೆದಾಗ ಜೀಪಿನಲ್ಲಿ ಬಂದವರು ಅವನನ್ನು ನೆಲಕ್ಕೆ ಕೆಡವಿ ಬಲಗೈ ಮುರಿದರು. ಅವರು ಕೆಟ್ಟವರಲ್ಲ, ಅವರಿಗೆ ಕಲಿಸಿರುವುದೇ ಅಷ್ಟು ಎಂದು ನೀನು ಬರೆದಿದ್ದೆ. ಇರಬಹುದು. ಆ ಕೈ ಇನ್ನೂ ಭುಜದಿಂದ ಮೇಲೆ ಏಳುವುದಿಲ್ಲ. ಗುರುವಾರ ಎಡಗೈಯಲ್ಲೇ ಎಲ್ಲರನ್ನೂ ನಿಲ್ಲಿಸುತ್ತಿದ್ದ.

ಅಮ್ಮ ನಗರಸಭೆಯ ಹೊಸ ನಂಬರಿಗೆ ಫೋನು ಮಾಡಿದಳು. ಆಯುಧವಿಲ್ಲದ ಗಲಾಟೆಗಳಿಗೆ ಪೊಲೀಸರ ಬದಲು ಬಡಾವಣೆಯವರೇ ಇಬ್ಬರು ಬರುತ್ತಾರಲ್ಲ, "ದರ್ಜಿಯಮ್ಮ ಟೇಪು ಹಿಡ್ಕೊಂಡು ಊರು ಕಾಯ್ತಾಳಾ" ಎಂದು ನೀನು ನಕ್ಕಿದ್ದೆಯಲ್ಲ, ಅದೇ ತಂಡ. ಬಂದದ್ದೂ ದರ್ಜಿಯಮ್ಮನೇ, ಜೊತೆಗೊಬ್ಬ ನರ್ಸು. ಇಬ್ಬರೂ ಅವನನ್ನು ಮುಟ್ಟಲಿಲ್ಲ. ನರ್ಸು ಲಾರಿಗಳನ್ನು ದೂರದಲ್ಲೇ ತಡೆದಳು. ದರ್ಜಿಯಮ್ಮ ಪಕ್ಕಕ್ಕೆ ಹೋಗಿ, ಅವನು ಕೈ ಎತ್ತಿದಾಗ ತಾನೂ ಎತ್ತುತ್ತಾ ಬಹಳ ಹೊತ್ತು ನಿಂತಳು. ನನಗೆ ನಗುವೂ ಬಂತು, ಅಳುವೂ ಬಂತು. ಕೊನೆಗೆ, ಡ್ಯೂಟಿ ಯಾವಾಗ ಮುಗಿಯುತ್ತದೆ ಎಂದು ವಿಚಾರಿಸಿದಳು. "ತಮ್ಮ ಬರೋವರೆಗೂ ನಾನೇ ನೋಡ್ಕೋಬೇಕು" ಎಂದ ಇವನು. "ಅವರು ಬರೋದು ತಡ ಆಗುತ್ತೆ ಸಾರ್, ಅಲ್ಲೀವರೆಗೂ ನನಗೆ ಕೊಡಿ" ಎಂದಳು. ಅವನು ಸೀಟಿಯನ್ನು ಅಂಗಿಗೆ ಒರೆಸಿ ಆಕೆಯ ಕೈಗಿಟ್ಟು, ಸಲ್ಯೂಟ್ ಹೊಡೆದು, ನನ್ನ ಜೊತೆ ಮನೆಗೆ ಬಂದ. ಉಂಡು ಮಲಗಿದ.

ತಂಡದವರನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದೇನೆ ಎಂದುಕೊಳ್ಳಬೇಡ. ಹೋದ ತಿಂಗಳು ಹಿಂದಿನ ಬೀದಿಯ ಜಗಳಕ್ಕೆ ಅವರು ಬರುವಷ್ಟರಲ್ಲಿ ಜಗಳವಾಡಿದವರೇ ರಾಜಿಯಾಗಿ ಕಾಫಿ ಕುಡಿಯುತ್ತಿದ್ದರು. ಮನೆಗೆ ಕಳ್ಳ ನುಗ್ಗಿದರೆ ನಾನೂ ನಿಮ್ಮವರನ್ನೇ ಕರೆಯುತ್ತೇನೆ. ಈ ತಂಡ ಇರಬೇಕೋ ಬೇಡವೋ ಎಂದು ಮುಂದಿನ ವಾರ ನಗರಸಭೆ ತೀರ್ಮಾನಿಸುತ್ತದೆ. ಬೇಡ ಎನ್ನಲು ನಿಮ್ಮ ಇಲಾಖೆ ನಿನ್ನನ್ನೇ ಕಳಿಸುತ್ತಿದೆ ಎಂದು ಬರೆದಿದ್ದೀಯ. ಸಭೆಯಲ್ಲಿ ನಿನಗೆ ಸರಿ ಕಂಡದ್ದನ್ನೇ ಹೇಳು. ನಾನು ನಿನ್ನ ಕಿವಿ ಹಿಂಡುವ ಕಾಲ ಮುಗಿಯಿತು.

ಹೊತ್ತಿಗೆ ಸರಿಯಾಗಿ ಉಣ್ಣು. ಬೆನ್ನು ನೋಡಿಕೋ. ಒಳ್ಳೆಯದಾಗಲಿ.

ನಿನ್ನ ಅಪ್ಪ

ಮರೆತಿದ್ದೆ: ಸಭೆಗೆ ಬಂದಾಗ ಮನೆಗೆ ಯೂನಿಫಾರಂ ಹಾಕಿಕೊಂಡು ಬರಬೇಡ. ಹೋದ ಸಲ ನೀನು ಹಾಗೇ ಬಂದಾಗ ಅಣ್ಣ ಇಡೀ ಸಂಜೆ ಸ್ನಾನದ ಮನೆಯ ಚಿಲಕ ಹಾಕಿಕೊಂಡು ಕೂತಿದ್ದನಲ್ಲ, ಅದು ಹೊಟ್ಟೆನೋವಲ್ಲ. ನಿನ್ನ ನೀಲಿ ಅಂಗಿಯನ್ನು ದರ್ಜಿಯಮ್ಮನ ಅಂಗಡಿಯಲ್ಲಿ ಕೊಟ್ಟಿಟ್ಟಿದ್ದೇನೆ, ಅಲ್ಲೇ ಬದಲಾಯಿಸಿಕೊಂಡು ಬಾ. ನಿನ್ನ ಸೀಟಿಯೂ ಆಕೆಯ ಹತ್ತಿರವೇ ಇದೆ.